ನಿನ್ನೆಯ ಪೆಟ್ರೋಲಿನ ಸದ್ದು

ನಮ್ಮೂರಿನಲ್ಲಿ ಗಾಡಿ ಇವತ್ತು ಹೋಗುತ್ತದೆ, ಅದರ ಸದ್ದು ನಾಳೆ ಬರುತ್ತದೆ. ಬೆಳಿಗ್ಗೆ ಎಂಟೂಕಾಲಿಗೆ ಬಸ್ಸು ಹೊರಟರೆ ಮರುದಿನ ಎಂಟೂಕಾಲಿಗೆ, ಅದೇ ಜಾಗದಲ್ಲಿ, ಅದರ ಗುರ್ ಅನ್ನುವ ಸದ್ದು. ಮಾತು, ನಾಯಿ ಬೊಗಳುವುದು, ಪಾತ್ರೆ ಬೀಳುವುದು ಎಲ್ಲ ಬೇರೆ ಊರುಗಳ ಹಾಗೆ ಆಗಿಂದಾಗಲೇ ಕೇಳಿಸುತ್ತವೆ. ಎಣ್ಣೆ ಕುಡಿದು ಓಡುವ ಎಂಜಿನ್ನಿಗೆ ಮಾತ್ರ ಈ ಒಂದು ದಿನದ ಸೋಮಾರಿತನ. ಗಾಡಿಯ ಹಾರ್ನಿಗೂ ಇದೇ ರೋಗ, ಹಾಗಾಗಿ ಎಲ್ಲರ ಹ್ಯಾಂಡಲಿಗೂ ಒಂದೊಂದು ಹಿತ್ತಾಳೆ ಗಂಟೆ. ನಾನು ಮದುವೆಯಾಗಿ ಇಲ್ಲಿಗೆ ಬಂದು ಏಳು ವರ್ಷವಾಯಿತು. ಬಂದ ಹೊಸದರಲ್ಲಿ ಖಾಲಿ ರಸ್ತೆಯಲ್ಲಿ ಲಾರಿಯ ಸದ್ದು ಕೇಳಿ ಮೂರು ಸಲ ಚರಂಡಿಗೆ ಹಾರಿದ್ದೆ. ಬೀದಿಯವರು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು. ಈಗ ನಾನೂ ಹೊಸಬರನ್ನು ನೋಡಿ ನಗುತ್ತೇನೆ. ದಿನಾ ಒಂದೇ ಹೊತ್ತಿಗೆ ಒಂದೇ ದಾರಿಯಲ್ಲಿ ಹೋಗುವವರಿಗೆ ನಿನ್ನೆಯ ಸದ್ದು ಇವತ್ತು ಜೊತೆಗೇ ಬರುತ್ತದೆ. ಹೊರಗಿನವರು ನೋಡಿದರೆ ಎಲ್ಲ ಸರಿಯಾಗಿಯೇ ಇದೆ ಅಂದುಕೊಂಡಾರು. ನಾವು ಅದಕ್ಕೆ ಜೊತೆಸದ್ದು ಅನ್ನುತ್ತೇವೆ.

ನನ್ನ ಹೆಸರು ಹೊನ್ನಮ್ಮ. ಗುಡ್ಡದ ಮೇಲಿನ ನೂಲಿನ ಮಿಲ್ಲಿಗೆ ಮಧ್ಯಾಹ್ನದ ಬುತ್ತಿ ಒಯ್ಯುವುದು ನನ್ನ ಕೆಲಸ. ಮೊದಲು ನನ್ನ ಗಂಡನೊಬ್ಬನ ಕ್ಯಾರಿಯರ್ ಒಯ್ಯುತ್ತಿದ್ದೆ. ಪಕ್ಕದ ಮನೆಯವಳು, ‘ಹೆಂಗೂ ಹೋಗ್ತೀಯಲ್ಲ, ನಮ್ಮೋರ್ದೂ ಕೊಟ್ಬಿಡೇ’ ಅಂದಳು. ಅವಳ ಪಕ್ಕದವಳು ಸುಮ್ಮನಿರುತ್ತಾಳೆಯೇ? ಹಾಗೆ ಹೀಗೆ ನಲವತ್ತಾಯಿತು. ನನ್ನದು ಹಳೇ ಟೂ ಸ್ಟ್ರೋಕ್ ಸ್ಕೂಟರ್. ಗುಡ್ಡದ ಏರು ಅಂದರೆ ಏರು. ನಡೆದು ಹೋದರೂ ಮೊಣಕಾಲು ಎದೆಗೆ ತಾಗಬೇಕು. ಇಪ್ಪತ್ತಿಪ್ಪತ್ತರಂತೆ ಎರಡು ಸಲ ಒಯ್ಯುತ್ತಿದ್ದೆ, ಎರಡನೇ ಸಲದವರು ಎರಡು ಗಂಟೆಗೆ ತಣ್ಣಗಿನ ಮುದ್ದೆ ನುಂಗುತ್ತಿದ್ದರು. ಯಾರೂ ಬೈಯುತ್ತಿರಲಿಲ್ಲ.

ಮಿಲ್ಲಿಗೆ ಹೊಸ ಮ್ಯಾನೇಜರು ಬಂದ. ಒಂದು ಗಂಟೆ ಹೊಡೆದ ಮೇಲೆ ಗೇಟು ತೆಗೆಯಬಾರದು ಅಂತ ಹುಕುಂ ಮಾಡಿದ. ಮನೆಗಳಲ್ಲಿ ಅಡುಗೆ ಮುಗಿಯುವುದೇ ಹನ್ನೆರಡೂಕಾಲಿಗೆ. ನಲವತ್ತನ್ನೂ ಕೂಡಿಸಿಕೊಂಡು ಏರಿನ ಬುಡಕ್ಕೆ ಬಂದು ನಿಂತರೆ ಗಂಟೆ ಹನ್ನೆರಡು ನಲವತ್ತು. ಇನ್ನುಳಿದ ಇಪ್ಪತ್ತು ನಿಮಿಷದಲ್ಲಿ ನಲವತ್ತೂ ಒಂದೇ ಸಲಕ್ಕೆ ಮೇಲೇರಬೇಕು. ಇಲ್ಲದಿದ್ದರೆ ಅರ್ಧ ಜನಕ್ಕೆ ಊಟವಿಲ್ಲ, ನನಗೆ ಕೆಲಸವಿಲ್ಲ. ‘ಇಪ್ಪತ್ತು ಜನರನ್ನ ಬಿಟ್ಬಿಡು’ ಅಂದ ನನ್ನ ಗಂಡ. ಯಾವ ಇಪ್ಪತ್ತು ಜನ ಅಂತ ಕೇಳಿದೆ.

ಸಂತೆಪೇಟೆಯ ಕೊನೆಯಲ್ಲಿ ಪ್ಯಾರೇಜಾನ್ ಸಾಬರ ಶೆಡ್ಡು ಇದೆ. ವಯಸ್ಸು ಅರವತ್ತು ದಾಟಿದೆ, ಮಾತು ಕಡಿಮೆ, ಕೈ ಮಾತ್ರ ಚಿನ್ನ. ಎಂಜಿನ್ ಬಿಚ್ಚಿ ಶಕ್ತಿ ಹೆಚ್ಚಿಸಿಕೊಡಿ ಅಂದಾಗ ಅವರು ಮೂರು ಸಲ ಆಗಲ್ಲ ಅಂದರು. ನಾಲ್ಕನೇ ಸಲ ನಾನು ಶೆಡ್ಡಿನ ಬಾಗಿಲಲ್ಲೇ ಕ್ಯಾರಿಯರ್ ಬಿಚ್ಚಿ ಊಟಕ್ಕೆ ಕೂತೆ. ‘ನೀವು ಹ್ಞೂ ಅನ್ನೋವರೆಗೂ ದಿನಾ ಇಲ್ಲೇ ಊಟ’ ಅಂದೆ. ಅವರು ತಲೆ ಚಚ್ಚಿಕೊಂಡು ಒಪ್ಪಿದರು. ಎಂಜಿನ್ನಿನ ಹೆಡ್ಡು, ಅಂದರೆ ಮೇಲಿನ ಮುಚ್ಚಳ, ತೇದು ಬಿಗಿ ಮಾಡಿದರು, ಹೊಗೆ ಬರುವ ಬಾಯಿ, ಗಾಳಿ ಹೋಗುವ ಬಾಯಿ ಎರಡನ್ನೂ ಅರದಲ್ಲಿ ಉಜ್ಜಿ ಅಗಲ ಮಾಡಿದರು, ಹೊಸ ಪಿಸ್ಟನ್ ಕೂರಿಸಿದರು. ಗಾಡಿ ಮೂಗುದಾರ ಕಿತ್ತ ಹೋರಿಯಾಯಿತು.

ಆದರೆ ನಮ್ಮೂರಲ್ಲಿ ಬಿಚ್ಚಿ ಬಿಗಿ ಮಾಡಿದ ಎಂಜಿನ್ನನ್ನು ಹಾಗೇ ಓಡಿಸುವಂತಿಲ್ಲ. ಹಿಂದೆ ಒಮ್ಮೆ ಇಂಥದ್ದೇ ಗಾಡಿಯೊಂದರ ಪಿಸ್ಟನ್ ಏರಿನಲ್ಲಿ ತೂತಾಗಿ, ಚಕ್ರ ಹಿಡಿದುಕೊಂಡು, ಹಿಂದೆ ಬರುತ್ತಿದ್ದ ಇಬ್ಬರ ಮೇಲೆ ಉರುಳಿತ್ತಂತೆ. ಕೆಡುವ ಎಂಜಿನ್ನು ಮೊದಲೇ ಕೂಗಿ ಹೇಳುತ್ತದೆ, ನಿಜ. ಆ ಕೂಗು ನಮಗೆ ಕೇಳಿಸುವುದು ಹೆಣ ಎತ್ತಿದ ಮೇಲೆ. ಅದಕ್ಕೇ ಪುರಸಭೆಯವರು ಮೂವರು ಕೇಳುಗರನ್ನು ನೇಮಿಸಿದ್ದಾರೆ. ಹದಿನೈದು ದಿನ ಓಡಿಸಿ ನೋಡಲು ಬಿಡುತ್ತಾರೆ. ಆಮೇಲೆ ಪರೀಕ್ಷೆ. ಕೆಲಸದ ದಿನ, ಕೆಲಸದ ಹೊತ್ತಿನಲ್ಲಿ, ಕೆಲಸದ ಹೊರೆ ಹೊತ್ತು ಏರು ಹತ್ತಬೇಕು. ಮರುದಿನ ಅದೇ ಹೊತ್ತಿಗೆ ಕೇಳುಗರು ಮೂರನೇ ತಿರುವಿನ ಕಲ್ಲುಕಟ್ಟೆಯ ಮೇಲೆ ಕೂತು ಸದ್ದು ಕೇಳುತ್ತಾರೆ. ಒಂದೇ ಒಂದು ಟಿಣ್ ಕೇಳಿಸಿತೋ, ಎಂಜಿನ್ನಿಗೆ ತಂತಿ ಬಿಗಿದು ಸೀಸದ ಸೀಲು. ಅದಾದ ಮೇಲೆ ಆ ಗಾಡಿ ಕೋಳಿ ಕೂರುವುದಕ್ಕೆ ಲಾಯಕ್ಕು.

ಆ ಟಿಣ್ ಏನೆಂದು ಪ್ಯಾರೇಜಾನ್ ಸಾಬರೇ ಬಿಡಿಸಿ ಹೇಳಿದರು. ‘ಹೆಡ್ ಬಿಗಿ ಮಾಡಿದ್ದೀನಲ್ಲಮ್ಮ, ಈಗ ಒಳಗೆ ಒತ್ತಡ ಜಾಸ್ತಿ, ಬಿಸಿ ಜಾಸ್ತಿ. ಪ್ಲಗ್ಗಿನ ಬೆಂಕಿ ತನ್ನ ಹತ್ರ ಬರೋವರೆಗೂ ಪೆಟ್ರೋಲು ತಾಳ್ಕೊಂಡಿರ್ಬೇಕು. ಕೆಲವು ಪೆಟ್ರೋಲಿಗೆ ಆ ತಾಳ್ಮೆ ಇರಲ್ಲ, ನಿನ್ನ ಥರ. ಮೂಲೇಲಿ ಕೂತ್ಕೊಂಡು ತಾನೇ ಸಿಡಿಯುತ್ತೆ. ಆಗ ಪಿಸ್ಟನ್ ತಲೆ ಮೇಲೆ ಸುತ್ತಿಗೆ ಏಟು. ಟಿಣ್ ಅನ್ನೋದು ಅದೇ.’

‘ನನ್ನ ಥರ ಅಂತ ಯಾಕೆ ಸೇರಿಸ್ತೀರಿ ಸಾಬ್ರೇ?’ ಅಂದೆ. ಅವರು ಪ್ಲಗ್ಗು ಒರೆಸುತ್ತ ಮೀಸೆಯಲ್ಲೇ ನಕ್ಕರು.

ಊರಲ್ಲಿ ಮೂರು ಬಂಕು. ಬಸ್‌ಸ್ಟ್ಯಾಂಡಿನ ಬಂಕಿನಲ್ಲಿ ಎಲ್ಲರೂ ಹಾಕಿಸುವ ಮಾಮೂಲಿ ಪೆಟ್ರೋಲು. ಗುಡ್ಡದ ಬುಡದ ಹಳೇ ಬಂಕಿನಲ್ಲಿ ಏನೂ ಬೆರೆಸದ, ಸ್ವಲ್ಪ ತಾಳ್ಮೆ ಹೆಚ್ಚಿರುವ ಪೆಟ್ರೋಲು. ಅಲ್ಲಿಗೆ ಹಳೇ ಗಾಡಿಯವರು ಬಿಟ್ಟರೆ ಯಾರೂ ಹೋಗುವುದಿಲ್ಲ. ಹೆದ್ದಾರಿಯ ಬಂಕಿನಲ್ಲಿ ಕೆಂಪು ಪೆಟ್ರೋಲು. ಎಲ್ಲಕ್ಕಿಂತ ದುಬಾರಿ, ಪಂಪಿನ ಮೇಲೆ ಬೆಂಕಿ ಉಗುಳುವ ಮೋಟಾರುಬೈಕಿನ ಚಿತ್ರ. ತಾಳ್ಮೆ ಹೆಚ್ಚಿಸಲು ಅದಕ್ಕೆ ಸ್ಪಿರಿಟ್ ಬೆರೆಸಿರುತ್ತಾರೆ. ಮೂರರಲ್ಲಿ ನನ್ನ ಗಾಡಿಗೆ ಯಾವುದು? ಬೇರೆ ಊರಲ್ಲಾದರೆ ಏರು ಹತ್ತುತ್ತಲೇ ಕಿವಿ ಕೊಟ್ಟರೆ ಮುಗಿಯಿತು. ಇಲ್ಲಿ ಇವತ್ತಿನ ಪೆಟ್ರೋಲಿನ ಮೇಲೆ ಕೂತು ನಿನ್ನೆಯ ಪೆಟ್ರೋಲಿನ ಸದ್ದು ಕೇಳಬೇಕು.

ಸೋಮವಾರ ಮಾಮೂಲಿ ಪೆಟ್ರೋಲು ಹಾಕಿ, ಲೀಟರಿಗೆ ಮೂವತ್ತು ಮಿಲಿ ಆಯಿಲ್ ಬೆರೆಸಿ ಹತ್ತಿದೆ. ಸಂಜೆ ಟ್ಯಾಂಕು ಬರಿದು ಮಾಡಿದೆವು. ಮಂಗಳವಾರ ಹಳೇ ಬಂಕಿನದು ಹಾಕಿ ಹತ್ತುವಾಗ ಸೋಮವಾರದ ಸದ್ದು ಜೊತೆಗೆ ಬಂತು. ಮೂರನೇ ತಿರುವಿನಲ್ಲಿ ಕಾದೆಣ್ಣೆಗೆ ಸಾಸಿವೆ ಬಿದ್ದ ಹಾಗೆ ಟಿಣ್ ಟಿಣ್ ಟಿಣ್. ಸರಿ, ಮಾಮೂಲಿ ಆಗಲಿಲ್ಲ ಅಂದುಕೊಂಡೆ. ಬುಧವಾರ ಕೆಂಪು ಹಾಕಿ ಹತ್ತುತ್ತ ಮಂಗಳವಾರದ್ದನ್ನು ಕೇಳಿದೆ. ಅದೂ ಟಿಣ್ ಟಿಣ್. ಹಳೇ ಬಂಕಿನದೂ ಆಗಲಿಲ್ಲ. ಗುರುವಾರ ಬುಧವಾರದ ಕೆಂಪಿನ ಸದ್ದು ಕೇಳುವ ಸರದಿ. ಕೆಂಪು ಪೆಟ್ರೋಲು ಕೈಕೊಟ್ಟರೆ ಮುಂದೆ ಇನ್ನೇನೂ ಇಲ್ಲ. ಮೂರನೇ ತಿರುವು ಬಂತು. ಟಿಣ್ ಟಿಣ್ ಟಿಣ್. ಕಟ್ಟೆಯ ಮೇಲೆ ಕೂತು ಕೇಳುತ್ತಿದ್ದ ಪ್ಯಾರೇಜಾನ್ ಸಾಬರು ಮುಖವನ್ನು ಆಚೆ ತಿರುಗಿಸಿಕೊಂಡರು. ಶುಕ್ರವಾರವೂ ಅದೇ, ಶನಿವಾರವೂ ಅದೇ.

ಶನಿವಾರ ಸಂಜೆ ಶೆಡ್ಡಿನಲ್ಲಿ ದೊಡ್ಡ ಜಗಳವೇ ಆಯಿತು. ಅವರು ಪ್ಲಗ್ಗು ಬಿಚ್ಚಿ ಬೆಳಕಿಗೆ ಹಿಡಿದಿದ್ದರು. ‘ನೋಡು, ಕಾಫಿ ಬಣ್ಣ. ಇದಕ್ಕಿಂತ ಒಳ್ಳೆ ಪ್ಲಗ್ ಇರಲ್ಲ. ಮಂಗಳವಾರದ್ದೂ ಹಿಂಗೇ ಇತ್ತು. ಸೋಮವಾರದ್ದು ಮಾತ್ರ ಬೆಳ್ಳಗೆ ಸುಟ್ಟಿತ್ತು. ಕಣ್ಣು ಒಂದು ಹೇಳುತ್ತೆ, ಕಿವಿ ಇನ್ನೊಂದು ಹೇಳುತ್ತೆ. ಕೇಳುಗರು ಕಣ್ಣು ನಂಬಲ್ಲ ಹೊನ್ನಮ್ಮ. ಹೆಡ್ಡಿಗೆ ದಪ್ಪ ಪ್ಯಾಕಿಂಗ್ ಹಾಕಿ ಸಡಿಲ ಮಾಡ್ಬಿಡ್ತೀನಿ.’

‘ಸಡಿಲ ಮಾಡಿದ್ರೆ ನಲವತ್ತು ಏರುತ್ತಾ?’

‘ಇಪ್ಪತ್ತೈದು ಏರುತ್ತೆ.’

‘ಮಿಕ್ಕ ಹದಿನೈದು ಜನ ಏನ್ ಮಣ್ಣು ತಿಂತಾರಾ? ಪ್ಯಾಕಿಂಗ್ ಗೀಕಿಂಗ್ ಏನೂ ಬೇಡ.’

‘ಸೀಲ್ ಹಾಕಿದ್ರೆ ಒಂದು ಕ್ಯಾರಿಯರ್ರೂ ಏರಲ್ಲ! ಗಾಡಿನೇ ಹೋಗುತ್ತೆ. ಹಟ ಮಾಡ್ಬೇಡ, ನಂಗೆ ಗೊತ್ತು ಅದೇನು ಅಂತ.’ ಅವರು ಅಷ್ಟು ಜೋರಾಗಿ ಮಾತಾಡಿದ್ದನ್ನು ನಾನು ಯಾವತ್ತೂ ಕೇಳಿರಲಿಲ್ಲ. ನನಗೂ ರೇಗಿತು. ಹಟ ಅಂದರೆ ಹಟವೇ, ಇನ್ನೂ ಹತ್ತು ದಿನವಿದೆ ಅಂತ ಹೇಳಿ ಗಾಡಿ ತಳ್ಳಿಕೊಂಡು ಬಂದೆ. ಮನೆಗೆ ಬಂದು ಅತ್ತುಬಿಟ್ಟೆ ಅನ್ನುವುದನ್ನೂ ಹೇಳಿಬಿಡುತ್ತೇನೆ, ಅದರಲ್ಲೇನು ನಾಚಿಕೆ.

ಮಿಲ್ಲಿಗೆ ಭಾನುವಾರ ರಜೆಯಿಲ್ಲ. ಭಾನುವಾರವೂ ಅದೇ ಕೆಂಪು ಪೆಟ್ರೋಲಿನಲ್ಲಿ ಹತ್ತಿದೆ. ಸೋಮವಾರ ಹತ್ತುವಾಗ ಭಾನುವಾರದ ಸದ್ದು ಜೊತೆಗೆ ಬಂತು. ಮೂರನೇ ತಿರುವಿನಲ್ಲಿ ಹಲ್ಲು ಕಚ್ಚಿಕೊಂಡೆ. ಎಂಜಿನ್ನು ಒಂದೇ ಸಮನೆ, ಎಣ್ಣೆ ಹಚ್ಚಿದ ದನಿಯಲ್ಲಿ ಮೇಲೆ ಹೋಯಿತು. ಒಂದು ಟಿಣ್ ಇಲ್ಲ! ಕಿವಿ ಕಟ್ಟಿರಬೇಕು ಅಂತ ತಲೆ ಕೊಡವಿದೆ. ನಾಲ್ಕನೇ ತಿರುವಿನಲ್ಲೂ ಇಲ್ಲ. ಅದೇ ಪೆಟ್ರೋಲು, ಅದೇ ಹೊರೆ, ಅದೇ ಬಿಸಿಲು. ಭಾನುವಾರದಲ್ಲಿ ಅಂಥದ್ದೇನಿತ್ತು?

ಅಷ್ಟರಲ್ಲಿ ಮುಂದೆ ಗಂಟೆ ಕೇಳಿಸಿತು. ಪುರಸಭೆಯ ಗುಮಾಸ್ತರು ತೋಂಟದಪ್ಪನವರು ದಿನದಂತೆ ತಮ್ಮ ಸ್ಕೂಟರಿನಲ್ಲಿ ಮೇಲಿನ ಪೇಟೆಯ ಮನೆಗೆ ಊಟಕ್ಕೆ ಹೋಗುತ್ತಿದ್ದರು. ಕೇಳುಗರ ಹಿರಿಯರು ಅಂದರೆ ಇವರೇ. ಹತ್ತೊಂಬತ್ತು ವರ್ಷದಿಂದ ಈ ಊರಿನ ಎಂಜಿನ್ನುಗಳ ಹಣೆಬರಹ ಇವರ ಕಿವಿಯಲ್ಲಿದೆ. ಹನ್ನೆರಡು ನಲವತ್ತಕ್ಕೆ ಅವರು ಏರಿನ ಬುಡದಲ್ಲಿದ್ದಾರೆ ಅಂದರೆ ಗಡಿಯಾರ ನೋಡುವುದೇ ಬೇಡ. ದಿನಾ ನನ್ನ ಮುಂದೆಯೇ ಹತ್ತುತ್ತಾರೆ, ರಸ್ತೆ ಕಿರಿದು, ನಾನು ಹಿಂದೆಯೇ ಹೋಗುತ್ತೇನೆ. ಕೆಲಸಕ್ಕೆ ಬೇಕಾದ ಕಿವಿ ಕೆಡಬಾರದೆಂದು ಗಾಡಿ ಓಡಿಸುವಾಗ ಎರಡೂ ಕಿವಿಗೆ ಹತ್ತಿ ತುರುಕಿಕೊಂಡಿರುತ್ತಾರೆ. ಅವರ ಬೆನ್ನು ನೋಡುತ್ತಿದ್ದಂತೆ ನನಗೆ ಹೊಳೆಯಿತು. ಭಾನುವಾರ ಪುರಸಭೆಗೆ ರಜೆ. ಭಾನುವಾರ ಅವರು ಏರು ಹತ್ತುವುದಿಲ್ಲ. ಅಯ್ಯೋ ದೇವರೇ, ನಾನು ವಾರವಿಡೀ ಕೇಳಿದ ಟಿಣ್ ಟಿಣ್ ನನ್ನದಲ್ಲ, ಈ ಪುಣ್ಯಾತ್ಮರದು!

ಕ್ಯಾರಿಯರ್ ಕೊಟ್ಟು ಇಳಿದವಳೇ ಶೆಡ್ಡಿಗೆ ಓಡಿದೆ. ಪ್ಯಾರೇಜಾನ್ ಸಾಬರು ಪೂರಾ ಕೇಳಿಸಿಕೊಂಡರು. ‘ತೋಂಟದಪ್ಪನೋರ ಗಾಡಿನಾ?’ ಅಂದರು. ಹೌದು ಅಂದೆ. ಬಟ್ಟೆಯಲ್ಲಿ ಕೈ ಒರೆಸಿಕೊಳ್ಳುತ್ತ, ‘ಅವರ ಗಾಡಿನಾ?’ ಅಂತ ಮತ್ತೆ ಕೇಳಿದರು. ಕೈಯಲ್ಲಿದ್ದ ಬಟ್ಟೆ ಕೆಳಗಿಟ್ಟು ಸ್ಟೂಲಿನ ಮೇಲೆ ಕೂತುಬಿಟ್ಟರು. ದೊಡ್ಡವರನ್ನು ಎದುರು ಹಾಕಿಕೊಳ್ಳಬೇಕಲ್ಲ ಅಂತ ಹೆದರಿದ್ದಾರೆ ಅಂದುಕೊಂಡೆ.

ನನಗೆ ಯಾವ ಹೆದರಿಕೆ? ಮಂಗಳವಾರ ನೆಟ್ಟಗೆ ಪುರಸಭೆಗೆ ಹೋದೆ. ತೋಂಟದಪ್ಪನವರು ಕನ್ನಡಕದ ಮೇಲಿಂದ ನೋಡಿದರು.

‘ಏನಮ್ಮ ಹೊನ್ನಮ್ಮ, ಪರೀಕ್ಷೆ ಬರೋ ಮಂಗಳವಾರ ಅಲ್ವಾ?’

‘ಹೌದು ಸ್ವಾಮಿ. ಅದಕ್ಕೇ ಒಂದು ಮಾತು ಕೇಳೋಣ ಅಂತ ಬಂದೆ. ಆವತ್ತೊಂದು ದಿನ ನೀವು ಊಟಕ್ಕೆ ನಡ್ಕೊಂಡು ಹೋಗ್ಬೇಕು.’

‘ಯಾಕಂತೆ?’

‘ನಿಮ್ಮ ಗಾಡಿಲಿ ಟಿಣ್ ಇದೆ. ಅದು ನನ್ನ ಸದ್ದಿಗೆ ಸೇರ್ಕೊಳ್ತಾ ಇದೆ.’

ಆಫೀಸಿನಲ್ಲಿ ಎಲ್ಲರೂ ತಿರುಗಿ ನೋಡಿದರು. ತೋಂಟದಪ್ಪನವರು ಮೊದಲು ನಕ್ಕರು, ಆಮೇಲೆ ಕೆಂಪಾದರು. ‘ನನ್ನ ಗಾಡಿ ಕಂಪನಿಯಿಂದ ಬಂದಾಗ ಹೆಂಗಿತ್ತೋ ಹಂಗೇ ಇದೆ. ಒಂದು ನಟ್ ಬಿಚ್ಚಿಸಿಲ್ಲ. ಹತ್ತೊಂಬತ್ತು ವರ್ಷ ಸದ್ದು ಕೇಳ್ದೋನಿಗೆ ಸದ್ದು ಹೇಳಿಕೊಡೋಕೆ ಬಂದ್ಯಾ? ಪರೀಕ್ಷೆಗೆ ಮುಂಚೆ ಕೇಳುಗನ ಹತ್ರ ಬಂದು ಹಿಂಗೆ ಮಾಡಿ ಹಂಗೆ ಮಾಡಿ ಅನ್ನೋದೇ ತಪ್ಪು. ಹೋಗು ಹೋಗು.’

ನಾನು ಹೋದೆ. ಅವರು ಲಂಚ ತಿನ್ನುವವರಲ್ಲ, ಕೆಟ್ಟವರೂ ಅಲ್ಲ; ಅದೇ ನನಗೆ ಹೆಚ್ಚು ಹೊಟ್ಟೆ ಉರಿಸಿದ್ದು. ಕೆಟ್ಟವರಾಗಿದ್ದರೆ ಬೀದಿಯಲ್ಲಿ ನಿಂತು ಬೈದಾದರೂ ಸಮಾಧಾನ ಮಾಡಿಕೊಳ್ಳಬಹುದಿತ್ತು. ಪರೀಕ್ಷೆಯ ದಿನ ಅವರು ನನ್ನ ಮುಂದೆ ಗಾಡಿಯಲ್ಲಿ ಹತ್ತುತ್ತಾರೆ, ಮರುದಿನ ಕಿವಿಯ ಹತ್ತಿ ತೆಗೆದು ಕಟ್ಟೆಯ ಮೇಲೆ ಕೂತು ತಮ್ಮದೇ ಟಿಣ್ ಕೇಳಿ ನನ್ನ ಗಾಡಿಗೆ ಸೀಲು ಹಾಕುತ್ತಾರೆ. ಇದನ್ನು ತಪ್ಪಿಸಲು ನನಗೆ ಕಂಡದ್ದು ಒಂದೇ ದಾರಿ. ಅವರು ಪೂರ್ತಿ ಹತ್ತಿ ಹೋದ ಮೇಲೆ ನಾನು ಹೊರಡಬೇಕು. ಅವರಿಗೆ ಮೇಲಿನ ಪೇಟೆ ಮುಟ್ಟಲು ಎಂಟು ನಿಮಿಷ ಬೇಕು, ಸದ್ದು ಸೇರದಿರಲು ಇನ್ನೆರಡು ನಿಮಿಷ ಬಿಡಬೇಕು. ನನಗೆ ಉಳಿಯುವುದು ಹತ್ತು. ಮಿಲ್ಲು ಪೇಟೆಗಿಂತಲೂ ಮೇಲಿದೆ, ಹೊರೆಯೊಂದಿಗೆ ನಾನು ಅಷ್ಟು ಬೇಗ ಹತ್ತಬೇಕಾದರೆ ಎಕ್ಸಲೇಟರನ್ನು ಕೊನೆಯವರೆಗೂ ತಿರುಗಿಸಿ ಹಿಡಿಯಬೇಕು. ಬಿಗಿ ಮಾಡಿದ ಎಂಜಿನ್ನಿಗೆ ಅದಕ್ಕಿಂತ ದೊಡ್ಡ ಅಗ್ನಿಪರೀಕ್ಷೆ ಇಲ್ಲ. ಪೆಟ್ರೋಲು ತಪ್ಪಿದರೆ ಸೀಲಿನವರೆಗೂ ಕಾಯುವುದೇ ಬೇಡ, ಪಿಸ್ಟನ್ ಅಲ್ಲೇ ಹೋಗುತ್ತದೆ.

ಹಾಗಾದರೆ ಯಾವ ಪೆಟ್ರೋಲು? ಮೊದಲ ವಾರ ಕೇಳಿದ್ದೆಲ್ಲ ಕಲಸುಮೇಲೋಗರ, ಅದನ್ನು ನಂಬುವಂತಿಲ್ಲ. ತೋಂಟದಪ್ಪನವರು ರಸ್ತೆಯಲ್ಲಿಲ್ಲದ ದಿನ ಮತ್ತೆ ಶುರುವಿನಿಂದ ನೋಡಬೇಕು. ಮುಂದಿನ ಭಾನುವಾರ ಹಳೇ ಬಂಕಿನದು ಹಾಕಿ ಬುತ್ತಿ ಒಯ್ದೆ. ಇಳಿದು ಬಂದು ಟ್ಯಾಂಕು ಬರಿದು ಮಾಡಿ, ಅಷ್ಟೇ ತೂಕದ ಮರಳುಮೂಟೆ ಕಟ್ಟಿಕೊಂಡು ಒಂದೂವರೆಗೆ ಮಾಮೂಲಿ ಪೆಟ್ರೋಲಿನಲ್ಲಿ ಹತ್ತಿದೆ. ಮತ್ತೆ ಬರಿದು ಮಾಡಿ ಎರಡೂಕಾಲಿಗೆ ಕೆಂಪಿನಲ್ಲಿ. ಮೂರು ಸಲವೂ ಎಕ್ಸಲೇಟರ್ ಪೂರ್ತಿ. ಪ್ಯಾರೇಜಾನ್ ಸಾಬರು ಸ್ಲೇಟಿನಲ್ಲಿ ಹೊತ್ತು ಬರೆದಿಟ್ಟರು. ಬಿಸಿಲಿಗೆ ಇಬ್ಬರ ಮುಖವೂ ಹೆಂಚಿನ ಬಣ್ಣವಾಗಿತ್ತು.

ಸೋಮವಾರ ಮೂರನ್ನೂ ಕೇಳಿದೆವು. ಬುತ್ತಿಯ ಹೊತ್ತಿಗೆ ಬಂದ ಹಳೇ ಬಂಕಿನ ಸದ್ದು ಕೊನೆಯ ತಿರುವಿನವರೆಗೂ ಸ್ವಚ್ಛ. ಒಂದೂವರೆಯ ಮಾಮೂಲಿಯಲ್ಲಿ ಸಾಸಿವೆ ಚಟಪಟ. ಅದು ನನ್ನದೇ, ಅನುಮಾನವಿಲ್ಲ. ಎರಡೂಕಾಲಿನ ಕೆಂಪು ಸ್ವಚ್ಛ.

‘ಹಂಗಾದ್ರೆ ಕೆಂಪೇ ಹಾಕೋಣ, ದುಬಾರಿದು’ ಅಂದೆ.

‘ದುಬಾರಿದು ಅಂತ ಹಾಕ್ತಾರೇನಮ್ಮ? ಟಿಣ್ ಅನ್ನದೇ ಇರೋಕೆ ಎಷ್ಟು ತಾಳ್ಮೆ ಬೇಕೋ ಅಷ್ಟಿದ್ರೆ ಮುಗೀತು. ಅದಕ್ಕಿಂತ ಜಾಸ್ತಿ ಹಾಕಿದ್ರೆ ಗಾಡಿಗೆ ರೆಕ್ಕೆ ಬರಲ್ಲ. ಹಳೇ ಬಂಕಿಂದು ಹತ್ತಿದ ಹೊತ್ತು, ಕೆಂಪಿಂದು ಹತ್ತಿದ ಹೊತ್ತು ಸ್ಲೇಟ್ ನೋಡು, ಎರಡೂ ಒಂದೇ. ಮೇಲಾಗಿ ಆ ಸ್ಪಿರಿಟ್ಟು ನೀರು ಹೀರುತ್ತೆ, ಈ ಹಳೇ ಗಾಡಿಯ ರಬ್ಬರ್ ಪೈಪ್ ತಿಂದ್ಹಾಕುತ್ತೆ. ನಿಂಗೆ ನಾಳೆ ಒಂದು ದಿನ ಅಲ್ಲ, ದಿನಾ ಹತ್ತಬೇಕು.’

ಹಳೇ ಬಂಕು ಅಂತ ತೀರ್ಮಾನವಾಯಿತು. ನನ್ನ ಗಂಡನೂ, ಬೀದಿಯವರೂ ಪರೀಕ್ಷೆಯ ದಿನವಾದರೂ ಕೆಂಪು ಹಾಕಿಸಬಾರದಾ ಅಂತ ತಲೆ ತಿಂದರು. ನಾನು ಒಂದು ಕಿವಿಯಲ್ಲಿ ಕೇಳಿ ಇನ್ನೊಂದರಲ್ಲಿ ಬಿಟ್ಟೆ.

ಮಂಗಳವಾರ ಹನ್ನೆರಡು ನಲವತ್ತಕ್ಕೆ ನಲವತ್ತು ಕ್ಯಾರಿಯರ್ ಕಟ್ಟಿಕೊಂಡು ಏರಿನ ಬುಡದಲ್ಲಿ ಸ್ಟ್ಯಾಂಡು ಹಾಕಿ ನಿಂತೆ. ಹೊತ್ತು ಬರೆದುಕೊಳ್ಳಲು ಪುರಸಭೆಯ ಜವಾನ ಪುಸ್ತಕ ಹಿಡಿದು ನಿಂತಿದ್ದ. ತೋಂಟದಪ್ಪನವರು ಬಂದರು, ನನ್ನನ್ನು ನೋಡಿ ಒಂದು ಸಲ ಗಂಟೆ ಬಾರಿಸಿ ಮೇಲೆ ಹೋದರು. ಅವರ ಹಿಂದೆಯೇ ನನ್ನ ಸೋಮವಾರದ ಸದ್ದು ನನ್ನನ್ನು ಬಿಟ್ಟು ಏರು ಹತ್ತಿತು. ನೋಡಲು ಬಂದಿದ್ದವರಲ್ಲಿ ಒಬ್ಬ, ‘ಏನ್ ಹೊನ್ನಕ್ಕ, ಕೈಕಾಲು ನಡುಗ್ತಾ ಇದೆಯಾ?’ ಅಂದ.

‘ನಡುಗಿದ್ರೆ ನಿಮ್ಮಪ್ಪನ ಮನೆ ಗಂಟೇನು ಹೋಗುತ್ತೆ?’ ಅಂದೆ. ಹೊರೆಯ ಹಗ್ಗವನ್ನು ಮತ್ತೊಮ್ಮೆ ಬಿಗಿದೆ.

ಹನ್ನೆರಡು ಐವತ್ತಕ್ಕೆ ಕಿಕ್ ಹೊಡೆದೆ. ಜವಾನ ಬರೆದುಕೊಂಡ. ಆ ಹೊತ್ತಿನಲ್ಲಿ ನಾನು ಹಿಂದಿನ ದಿನ ಹತ್ತಿರಲಿಲ್ಲವಲ್ಲ, ಜೊತೆಸದ್ದು ಇಲ್ಲ. ಏರಿಗೆ ಏರೇ ಮೌನ. ಕ್ಯಾರಿಯರುಗಳ ಕಿಣಿಕಿಣಿ, ನನ್ನ ಉಸಿರು, ಅಷ್ಟೇ. ಎಂಜಿನ್ನು ಬದುಕಿದೆಯೋ ಸತ್ತಿದೆಯೋ ಅನ್ನುವುದು ಪಾದದ ಕೆಳಗಿನ ನಡುಕದಿಂದಲೇ ತಿಳಿಯಬೇಕು. ಎರಡನೇ ಗೇರಿಗೆ ಹಾಕಿ ಎಕ್ಸಲೇಟರನ್ನು ಕೊನೆಯವರೆಗೂ ತಿರುಗಿಸಿ ಹಿಡಿದೆ. ಮೂರನೇ ತಿರುವಿನಲ್ಲಿ ಗಾಡಿ ಒಂದು ಕ್ಷಣ ತಗ್ಗಿತು. ಕೈ ಸಡಿಲ ಬಿಡು ಅಂತ ಮನಸ್ಸು ಕಿರುಚಿತು. ಸ್ಲೇಟಿನಲ್ಲಿ ಬರೆದದ್ದನ್ನು ನಂಬುವುದೋ ಹೆದರಿಕೆಯನ್ನು ನಂಬುವುದೋ? ನಾನು ಬಿಡಲಿಲ್ಲ. ಪಾದದ ಕೆಳಗಿನ ನಡುಕ ಮತ್ತೆ ಒಂದೇ ಸಮನಾಯಿತು. ಗೇಟಿನ ಒಳಗೆ ಮುಂದಿನ ಚಕ್ರ ಹೋದಾಗ ಒಂದಕ್ಕೆ ಒಂದು ನಿಮಿಷವಿತ್ತು. ನಲವತ್ತು ಜನರೂ ಬಿಸಿ ಅನ್ನ ಉಂಡರು.

ಬುಧವಾರ ಮನೆಮನೆಗೂ ಕಾಡಿ ಬೇಡಿ ಬುತ್ತಿಯನ್ನು ಅರ್ಧ ಗಂಟೆ ಮೊದಲೇ ಮುಟ್ಟಿಸಿ, ಮೂರನೇ ತಿರುವಿಗೆ ಇಳಿದೆ. ಕಟ್ಟೆಯ ಮೇಲೆ ತೋಂಟದಪ್ಪನವರು, ಅವರ ಅಕ್ಕಪಕ್ಕ ಉಳಿದಿಬ್ಬರು ಕೇಳುಗರು. ಪ್ಯಾರೇಜಾನ್ ಸಾಬರು ದೂರದಲ್ಲಿ ನಿಂತಿದ್ದರು. ಹನ್ನೆರಡು ನಲವತ್ನಾಲ್ಕಕ್ಕೆ ಕೆಳಗಿನಿಂದ ಒಂದು ಸ್ಕೂಟರಿನ ಸದ್ದು ಬಂತು. ತಿರುವಿಗೆ ಬರುತ್ತಲೇ ಟಿಣ್ ಟಿಣ್ ಟಿಣ್. ತೋಂಟದಪ್ಪನವರು ಕಣ್ಣು ಮುಚ್ಚಿಯೇ ಕೈ ಎತ್ತಿದರು. ‘ಆಯ್ತಲ್ಲ. ಬರ್ಕೊಳ್ಳಿ, ಸೀಲು.’

‘ಸ್ವಾಮಿ, ಜವಾನನ ಪುಸ್ತಕ ನೋಡಿ’ ಅಂದೆ.

ಪುಸ್ತಕ ತಂದರು. ಹೊನ್ನಮ್ಮ, ನಲವತ್ತು ಕ್ಯಾರಿಯರ್, ಹೊರಟದ್ದು ಹನ್ನೆರಡು ಐವತ್ತು. ತೋಂಟದಪ್ಪನವರು ತಮ್ಮ ಗಡಿಯಾರ ನೋಡಿಕೊಂಡರು. ‘ಹಂಗಾದ್ರೆ ಇದು ಯಾರ್ದು?’ ಅಂದರು.

ಪಕ್ಕದ ಕೇಳುಗರು ನೆಲ ನೋಡತೊಡಗಿದರು. ಆ ಹೊತ್ತಿಗೆ ಸದ್ದು ನಾಲ್ಕನೇ ತಿರುವಿನಲ್ಲಿ ಇನ್ನೂ ಟಿಣ್ ಅನ್ನುತ್ತ ಮೇಲಿನ ಪೇಟೆಯ ಕಡೆ ಹೋಗುತ್ತಿತ್ತು. ‘ನಿನ್ನೆ ಈ ಹೊತ್ತಿಗೆ ಇಲ್ಲಿ ಯಾರಿದ್ರು, ನೀವೇ ನೆನಪು ಮಾಡ್ಕೊಳ್ಳಿ’ ಅಂದೆ. ಏರುದನಿಯಲ್ಲಿ ಹೇಳಬೇಕೆಂದು ವಾರದಿಂದ ಕಾದಿದ್ದ ಮಾತು, ಬಾಯಿಂದ ಬಂದಾಗ ಮೆತ್ತಗಾಗಿತ್ತು. ಅವರ ಮುಖ ನೋಡಿದ ಮೇಲೆ ಜೋರು ಮಾಡಲು ಮನಸ್ಸಾಗಲಿಲ್ಲ. ಆಮೇಲೆ ನನ್ನ ಸದ್ದು ಬಂತು. ಬುಡದಿಂದ ಶುರುವಾಗಿ, ತಿರುವಿನಲ್ಲಿ ಒಂದು ಕ್ಷಣ ತಗ್ಗಿ, ಮತ್ತೆ ಎದ್ದು, ಒಂದು ಕಲ್ಮಶವಿಲ್ಲದೆ ಮಿಲ್ಲಿನವರೆಗೂ ಹೋಯಿತು. ತೋಂಟದಪ್ಪನವರು ಪಾಸು ಅಂತ ಬರೆದು ಸಹಿ ಹಾಕಿದರು. ಕಟ್ಟೆಯಿಂದ ಎದ್ದವರು ಮನೆಗೆ ಹೋಗಲಿಲ್ಲ. ಊಟವಿಲ್ಲದೆ ಆಫೀಸಿನ ಕಡೆ ನಡೆದುಕೊಂಡು ಇಳಿದರು.

ಮರುದಿನ ಬೆಳಿಗ್ಗೆ ನಾನು ಪ್ಯಾರೇಜಾನ್ ಸಾಬರಿಗೆ ಅಂತ ಹೋಳಿಗೆ ಮಾಡಿಕೊಂಡು ಶೆಡ್ಡಿಗೆ ಹೋಗಿದ್ದೆ. ತೋಂಟದಪ್ಪನವರು ತಮ್ಮ ಸ್ಕೂಟರನ್ನು ತಳ್ಳಿಕೊಂಡು ಬಂದರು. ಬೆವರು ಧಾರಾಕಾರ, ಕೈಯಲ್ಲಿ ಒಂದು ಇಕ್ಕಳ, ಒಂದು ಹಾಳೆ.

‘ಹನ್ನೊಂದು ಗಾಡಿ’ ಅಂದರು, ಯಾರ ಮುಖವನ್ನೂ ನೋಡದೆ. ‘ರಾತ್ರಿ ರಿಜಿಸ್ಟರ್ ತೆಗೆದು ನೋಡ್ದೆ. ಈ ಹತ್ತೊಂಬತ್ತು ವರ್ಷದಲ್ಲಿ ಮಧ್ಯಾಹ್ನದ ಆ ಹೊತ್ತಿಗೆ ಹತ್ತಿಸಿ ನಾನು ಸೀಲ್ ಹಾಕಿದ್ದು ಹನ್ನೊಂದು. ಬೆಳಿಗ್ಗೆಯಿಂದ ಆರು ಮನೆಗೆ ಹೋಗಿ ತಂತಿ ಕತ್ತರಿಸಿ ಬಂದೆ. ಏಳನೇ ಹೆಸರು ನಿಮ್ಮದು ಸಾಬ್ರೇ. ಗಾಡಿ ಎಲ್ಲಿದೆ?’

ನಾನು ಪ್ಯಾರೇಜಾನ್ ಸಾಬರನ್ನು ನೋಡಿದೆ. ಒಂದೇ ಒಂದು ದಿನ, ಒಂದೇ ಒಂದು ಮಾತು ಅವರು ನನ್ನ ಹತ್ತಿರ ಹೇಳಿರಲಿಲ್ಲ.

‘ಇಲ್ಲ’ ಅಂದರು ಅವರು. ‘ಗುಜರಿಗೆ ಹಾಕ್ಬಿಟ್ಟೆ. ಎಂಟು ವರ್ಷ ಆಯ್ತು. ನಾನು ಕಟ್ಟಿದ ಎಂಜಿನ್ ಟಿಣ್ ಅಂತು ಅಂದ್ಕೊಂಡು, ಆಮೇಲೆ ಯಾರ್ದೂ ಬಿಗಿ ಮಾಡ್ಲಿಲ್ಲ. ಈಯಮ್ಮ ಬಂದು ಬಾಗಿಲಲ್ಲಿ ಊಟಕ್ಕೆ ಕೂರೋವರೆಗೂ.’

ತೋಂಟದಪ್ಪನವರ ಕೈಯಲ್ಲಿ ಇಕ್ಕಳ ಸುಮ್ಮನೆ ಬಾಯಿ ತೆರೆದುಕೊಂಡಿತ್ತು. ಅದನ್ನು ಏನು ಮಾಡಬೇಕೆಂದು ಅವರಿಗೆ ತಿಳಿಯಲಿಲ್ಲ. ಸ್ಕೂಟರಿನ ಹ್ಯಾಂಡಲನ್ನು ಪ್ಯಾರೇಜಾನ್ ಸಾಬರ ಕಡೆ ತಿರುಗಿಸಿದರು. ‘ಇದನ್ನ ಇಟ್ಕೊಳ್ಳಿ ಸಾಬ್ರೇ. ಇನ್ನೇನು ಕೊಡ್ಲಿ ನಾನು?’ ಅಂದರು.

ನನಗೆ ಸಿಟ್ಟು ಬಂತು. ಎಂಟು ವರ್ಷಕ್ಕೆ ಒಂದು ಹಳೇ ಸ್ಕೂಟರಾ ಅಂತ ಕೇಳಲು ಬಾಯಿ ತೆರೆದೆ. ಪ್ಯಾರೇಜಾನ್ ಸಾಬರು ಸುಮ್ಮನಿರು ಅಂತ ನನಗೆ ಕೈ ತೋರಿಸಿದರು. ನಿಧಾನವಾಗಿ ಎದ್ದು ಬಂದು ಆ ಸ್ಕೂಟರಿನ ಟ್ಯಾಂಕಿನ ಮುಚ್ಚಳ ತಿರುಗಿಸಿ ಮೂಸಿದರು. ಮುಖ ಸಿಂಡರಿಸಿಕೊಂಡರು.

‘ಎಷ್ಟು ತಿಂಗಳಿಂದು ಇದು?’

‘ಆಫೀಸಿನ ಡ್ರಮ್ಮಿಂದು. ಗೊತ್ತಿಲ್ಲ. ಮೊದಲಿಂದ್ಲೂ ಅದನ್ನೇ ಹಾಕೋದು.’

‘ಗಬ್ಬು ನಾರ್ತಾ ಇದೆ. ಹಳಸಿ ತಾಳ್ಮೆನೇ ಹೋಗಿದೆ, ಟಿಣ್ ಅನ್ನದೆ ಇನ್ನೇನು ಅನ್ನುತ್ತೆ? ನಿಮ್ಮ ಗಾಡಿ ನಂಗೆ ಬೇಡ ತೋಂಟದಪ್ಪನೋರೇ, ಇನ್ನೂ ನಾಲ್ಕು ಮನೆಗೆ ಹೋಗೋದಿದೆ ನೀವು. ಸಾಯಂಕಾಲ ಬಂದು ತಗೊಂಡ್ ಹೋಗಿ.’ ಗಾಡಿಯನ್ನು ಶೆಡ್ಡಿನ ಒಳಗೆ ತಳ್ಳಿಕೊಂಡು ಹೋಗಿ ಸ್ಟ್ಯಾಂಡು ಹಾಕಿದರು, ಪೆಟ್ರೋಲಿನ ನಲ್ಲಿಯ ಕೆಳಗೆ ಡಬ್ಬ ಇಟ್ಟರು. ಆಮೇಲೆ ನನ್ನ ಕಡೆ ತಿರುಗಿದರು. ‘ಹೊನ್ನಮ್ಮ, ನೀನೇನು ನೋಡ್ತಾ ನಿಂತಿದ್ದೀಯ? ಹಳೇ ಬಂಕಿಗೆ ಹೋಗಿ ಎರಡು ಲೀಟರ್ ತಗೊಂಡ್ ಬಾ.’

ನಾನು ಕ್ಯಾನು ತೆಗೆದುಕೊಂಡು ಹೊರಟೆ.